ಕಾರ್ಡಿನ ಉಳಿದರ್ಧ

ಪ್ಯಾಟ್ರಿಕ್ ಸಂತನ ಹಬ್ಬ ಹತ್ತಿರ ಬಂತೆಂದರೆ ಕಿಲ್‌ಬ್ರಾನ್ ಊರಿಗೆಲ್ಲ ಸಡಗರ. ಡಿಂಪ್ನಾ ಟಾರ್ಪಿಗೆ ಮಾತ್ರ ಆ ವರ್ಷ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಬೇರೆ ಹೆಂಗಸರು ಹಂದಿಮಾಂಸ ನೆನೆಹಾಕಿ, ಕೋಟಿಗೆ ಚುಚ್ಚಿಕೊಳ್ಳಲು ಮೂರೆಲೆಯ ಶಾಮ್‌ರಾಕ್ ಸೊಪ್ಪು ಕಿತ್ತು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರೆ, ಅವಳು ಕಂಪ್ಯೂಟರಿನ ಮುಂದೆ ಕೂತು ಮನೆಗೆ ಬಂದ ಶುಭಾಶಯದ ಕಾರ್ಡುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು.

ಎಲ್ಲ ಕುಣಿಯುವ, ಹಾಡುವ ಕಾರ್ಡುಗಳು. ಊರು ಬಿಟ್ಟು ಷಿಕಾಗೋ, ಪರ್ತ್, ಕೊವೆಂಟ್ರಿ ಸೇರಿದ ನಂಟರು ಹಿಂದೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದದ್ದು ಈಗ ಇಮೇಲಿನಲ್ಲಿ ಬರುತ್ತಿತ್ತು. ಒತ್ತಿದರೆ ಪಿಟೀಲು ಶುರು. ಹಸಿರು ಟೋಪಿಯ ಕುಳ್ಳನೊಬ್ಬ ಮರದ ಹಿಂದಿನಿಂದ ಜಿಗಿಯುತ್ತಾನೆ, ಕಾಮನಬಿಲ್ಲಿನ ಮೇಲೆ ಜಾರುತ್ತಾನೆ, ಲಾಗ ಹಾಕುತ್ತಾನೆ. ಹತ್ತರಲ್ಲಿ ಒಂಬತ್ತು ಕಾರ್ಡಿನ ಕೊನೆಗೆ ಒಂದು ಗ್ಲಾಸು ಬರುತ್ತದೆ. ಅದರೊಳಗೆ ಕರಿ ಬಿಯರು ನಿಧಾನವಾಗಿ ಏರುತ್ತದೆ, ಮೇಲೆ ಕೆನೆಬಣ್ಣದ ನೊರೆ ಕಟ್ಟುತ್ತದೆ, ಕುಳ್ಳ ಕಣ್ಣು ಹೊಡೆದು ‘ನನ್ನ ಹೆಸರಲ್ಲಿ ಒಂದು ಹಾಕು’ ಅನ್ನುತ್ತಾನೆ. ಗ್ಲಾಸು ಕಂಡ ಕೂಡಲೇ ಡಿಂಪ್ನಾ ಆ ಕಾರ್ಡನ್ನು ಅಳಿಸಿ ಹಾಕುತ್ತಿದ್ದಳು. ಗಂಡ ಫಿಂಟನ್ ಕೇಳಿದರೆ, "ಈ ಸಲ ಯಾಕೋ ಯಾರೂ ಅಷ್ಟಾಗಿ ಕಳಿಸಿಲ್ಲಪ್ಪ" ಅನ್ನುತ್ತಿದ್ದಳು.

ಫಿಂಟನ್ ಕುಡುಕನಾಗಿದ್ದ. ‘ಆಗಿದ್ದ’ ಅನ್ನಬಾರದಂತೆ, ‘ಆಗಿದ್ದಾನೆ’ ಅನ್ನಬೇಕಂತೆ. ಅವನು ಪ್ರತಿ ಮಂಗಳವಾರ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದ, ಕುಡಿತ ಬಿಟ್ಟವರ ಸಭೆಯಲ್ಲಿ ಹಾಗೆ ಹೇಳಿಕೊಡುತ್ತಿದ್ದರು. ಡಿಂಪ್ನಾಗೆ ಈ ವ್ಯಾಕರಣ ಬೇಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಹೋದ ವರ್ಷ ಈಸ್ಟರ್ ಕಳೆದ ವಾರ ಅವನು ಬಚ್ಚಲಮನೆಯಲ್ಲಿ ರಕ್ತ ಕಾರಿಕೊಂಡು ಬಿದ್ದಿದ್ದ. ಆಸ್ಪತ್ರೆಯ ಡಾಕ್ಟರಮ್ಮ ಇವಳನ್ನು ಪಕ್ಕಕ್ಕೆ ಕರೆದು, "ಈ ಸಲ ಹೆಂಗೋ ಉಳಿಸಿದೀವಿ. ಮತ್ತೆ ಶುರು ಹಚ್ಕೊಂಡ್ರೆ ನಮ್ಮ ಕೈಲಾಗಲ್ಲಮ್ಮ. ಶುರುವಾಗೋದು ಒಂದೇ ಒಂದು ಗ್ಲಾಸಿಂದ, ತಿಳೀತಾ?" ಎಂದಿದ್ದಳು. ಅವತ್ತಿನಿಂದ ಡಿಂಪ್ನಾ ಹನ್ನೊಂದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅವನ ಚಹಾದ ಬಟ್ಟಲು ಮೂಸಿದಳು, ಕೋಟಿನ ಜೇಬು ತಡಕಿದಳು, ಅವನು ಕೋಳಿಗೂಡಿಗೆ ಹೋಗಿ ಬರುವುದು ಐದು ನಿಮಿಷ ತಡವಾದರೆ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಇಷ್ಟೆಲ್ಲ ಮಾಡಿದರೂ ಅವಳ ಹೆದರಿಕೆ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಊರಿಗೆ ಮಾತ್ರ ಅವಳು ನಿಜ ಹೇಳಲಿಲ್ಲ. ಅವಳಪ್ಪನೂ ಕುಡಿದೇ ಸತ್ತವನು. ‘ಆ ಕುಡುಕನ ಮಗಳು’ ಅನ್ನಿಸಿಕೊಂಡು ಬೆಳೆದವಳಿಗೆ ‘ಈ ಕುಡುಕನ ಹೆಂಡತಿ’ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಬೇಸಿಗೆಯಲ್ಲಿ ಯಾರಾದರೂ ಕೇಳಿದರೆ, "ಬೆನ್ನುನೋವಿಗೆ ಮಾತ್ರೆ ನುಂಗ್ತಿದಾನೆ, ಅದರ ಮೇಲೆ ಕುಡಿಯೋ ಹಾಗಿಲ್ಲ" ಎಂದಳು. ಮಂಗಳವಾರದ ಬಸ್ಸು ಕೂಡ ಬೆನ್ನಿನ ಡಾಕ್ಟರ ಲೆಕ್ಕಕ್ಕೇ ಹೋಯಿತು. ನವೆಂಬರ್ ಸತ್ತವರ ತಿಂಗಳು. ಅವರ ಆತ್ಮಕ್ಕೆಂದು ಕುಡಿತ ಬಿಡುವವರು ಊರಲ್ಲಿ ಹತ್ತಾರು ಜನ, ಅವರ ಜೊತೆಗೆ ಇವನನ್ನೂ ಸೇರಿಸಿದಳು. ಕ್ರಿಸ್‌ಮಸ್ಸಿಗೆ ಮತ್ತೆ ಮಾತ್ರೆ. ಮಾರ್ಚ್ ಒಂದಕ್ಕೆ ಲೆಂಟ್ ವ್ರತದ ಕಾಲ ಶುರುವಾದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಂದ ಈಸ್ಟರ್ ತನಕ ಊರಿನ ಅರ್ಧ ಗಂಡಸರು ಕುಡಿತ ಬಿಡುತ್ತಾರೆ, ಹೆಂಗಸರು ಚಾಕೊಲೇಟು ಬಿಡುತ್ತಾರೆ. ಯಾಕೆ ಏನು ಅಂತ ಯಾರೂ ಕೇಳುವುದಿಲ್ಲ.

ಆದರೆ ಈ ವ್ರತದ ಗೋಡೆಗೆ ಒಂದು ಕಿಂಡಿ ಇದೆ. ಪ್ಯಾಟ್ರಿಕ್ ಹಬ್ಬದ ದಿನ ವ್ರತಕ್ಕೆ ರಜ. ಯಾವ ಪಾದ್ರಿ ಬರೆದುಕೊಟ್ಟನೋ, ಎಲ್ಲಿ ಬರೆದಿದೆಯೋ, ಆ ದಿನ ವ್ರತ ಹಿಡಿದವನೂ ಕುಡಿಯಬಹುದು. ಬಹುದು ಏನು, ಕುಡಿಯಲೇಬೇಕು. ಆ ದಿನವೂ ಕುಡಿಯದವನನ್ನು ಕಂಡರೆ ಊರಿಗೇ ಅನುಮಾನ ಬರುತ್ತದೆ. ತಾನು ಹೆಣೆದ ಸುಳ್ಳು ಹದಿನೇಳನೇ ತಾರೀಕು ಸರಿಯಾಗಿ ಕೈಕೊಡುತ್ತದೆ ಎಂದು ಡಿಂಪ್ನಾಗೆ ಹೊಳೆದದ್ದು ಹಬ್ಬಕ್ಕೆ ಒಂಬತ್ತು ದಿನ ಇರುವಾಗ. ಅವತ್ತಿನಿಂದ ಅವಳ ನಿದ್ದೆ ಹಾರಿಹೋಯಿತು.

ಇದರ ಮೇಲೆ ಇನ್ನೊಂದು ಬಂತು. ಫಿಂಟನ್ ಊರ ಶಾಲೆಯ ಬಾಗಿಲು ತೆಗೆದು, ಹಾಕಿ, ಬಾಯ್ಲರ್ ನೋಡಿಕೊಳ್ಳುವ ಕೆಲಸದವನು. ಹಬ್ಬದ ಮೆರವಣಿಗೆಯಲ್ಲಿ ಶಾಲೆಯದೊಂದು ಲಾರಿ ಹೊರಡುತ್ತದೆ. ಅದರ ಮೇಲೆ ಪ್ಯಾಟ್ರಿಕ್ ಸಂತನ ವೇಷದವನೊಬ್ಬ, ಸುತ್ತ ಹಾವಿನ ವೇಷದ ಮಕ್ಕಳು. ಐತಿಹ್ಯದಲ್ಲಿ ಇರುವ ಹಾಗೆ ಸಂತ ಕೋಲು ಎತ್ತಿ ಹಾವುಗಳನ್ನು ದೇಶದಿಂದ ಓಡಿಸಬೇಕು. ಹೋದ ವರ್ಷದ ಸಂತ ಬೆಳಗ್ಗೆಯೇ ತೀರ್ಥ ಹಾಕಿಕೊಂಡು ಬಂದು, ಹಾವು ಓಡಿಸುವ ಭರದಲ್ಲಿ ತಾನೇ ಲಾರಿಯಿಂದ ಉರುಳಿ ಕಾಲು ಮುರಿದುಕೊಂಡಿದ್ದ. "ಈ ಸಲ ಫಿಂಟನ್ನೇ ಸರಿ, ಅವನು ಹೆಂಗೂ ಬಿಟ್ಟಿದಾನಲ್ಲ" ಎಂದು ಟೀಚರುಗಳು ಅವನನ್ನೇ ಹಿಡಿದರು. ಅವನಿಗೂ ಖುಷಿಯಾಯಿತು. ಹನ್ನೊಂದು ತಿಂಗಳಲ್ಲಿ ಅವನ ಮುಖದಲ್ಲಿ ಅಂಥ ಖುಷಿ ಕಂಡಿರಲಿಲ್ಲ, ಅದಕ್ಕೇ ಡಿಂಪ್ನಾ ಬೇಡ ಅನ್ನಲಾರದೆ ಹೋದಳು.

ಗುರುವಾರ ಸಂಜೆ ಚಹಾದ ಹೊತ್ತಿಗೆ ಅವನು ಕೇಳಿದ:

"ನಮ್ಮ ಕಡೆಯಿಂದ ಯಾರಿಗೂ ಕಾರ್ಡು ಹೋಗಿಲ್ವೇನೇ? ಜನ ಏನಂದ್ಕೋತಾರೆ?"

"ಕಳಿಸ್ತೀನಿ ಬಿಡು. ನೀನು ಗಡ್ಡ ಸರಿಯಾಗಿ ಅಂಟತ್ತಾ ನೋಡ್ಕೋ, ಹೋಗು."

ಅವಳೂ ಅದನ್ನೇ ಯೋಚಿಸುತ್ತಿದ್ದಳು. ಕಳಿಸದಿದ್ದರೆ ಮಾತು ಹುಟ್ಟುತ್ತದೆ. ಕಳಿಸಿದರೆ ಗ್ಲಾಸಿಲ್ಲದ ಕಾರ್ಡು ಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಗಂಟೆ ಹುಡುಕಿದ ಮೇಲೆ ಅವಳಿಗೆ ಬೇಕಾದದ್ದೇ ಸಿಕ್ಕಿತು. ಹಸಿರು ಗುಡ್ಡ, ಬಿಳಿ ಗಡ್ಡದ ಸಂತ. ಹಾವುಗಳು ಅವನ ಮುಂದೆ ಪೆಟ್ಟಿಗೆ ಹೊತ್ತುಕೊಂಡು ಗುಳೆ ಹೊರಟಿವೆ. ಬೇಲಿಯ ಮೇಲೆ ಕುರಿಗಳು ಸಾಲಾಗಿ ನಿಂತು ಹಾಡುತ್ತಿವೆ. ನಮ್ಮ ಮನೆಯಲ್ಲೇ ಈ ವರ್ಷ ಸಂತ ಇದ್ದಾನಲ್ಲ ಎಂದು ಅವಳಿಗೆ ನಗು ಕೂಡ ಬಂತು. ಅವರ ಮನೆಗೆ ಇಂಟರ್‌ನೆಟ್ಟು ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ. ಗಾಳಿ ಬೀಸಿದರೆ ತಂತಿ ಮುನಿಸಿಕೊಳ್ಳುತ್ತಿತ್ತು. ಚಿತ್ರ ನಿಂತು ನಿಂತು ಸಾಗಿತು. ಕೊನೆಯ ಹಾವು ಸಮುದ್ರಕ್ಕೆ ಬಿತ್ತು, ಕುರಿಗಳು ತಲೆ ಬಾಗಿ ನಮಸ್ಕಾರ ಮಾಡಿದವು, ಪಿಟೀಲು ನಿಂತಿತು. ಅದೇ ಹೊತ್ತಿಗೆ ತಂತಿಯೂ ಕಡಿಯಿತು. ಮುಗಿಯಿತು ಎಂದುಕೊಂಡು ಅವಳು ಮತ್ತೆ ಲೈನು ಹಚ್ಚಿ, ‘ಇಂತಿ, ಫಿಂಟನ್ ಮತ್ತು ಡಿಂಪ್ನಾ’ ಎಂದು ಬರೆದು, ವಿಳಾಸದ ಪಟ್ಟಿಯಲ್ಲಿ ‘ಎಲ್ಲರಿಗೂ’ ಎಂದು ಗುರುತು ಹಾಕಿ, ಶುಕ್ರವಾರ ಬೆಳಗ್ಗೆ ಎಂಟಕ್ಕೆ ತಲುಪುವ ಹಾಗೆ ಕಳಿಸಿದಳು. ನಲವತ್ತಮೂರು ಜನಕ್ಕೆ ಹೋಯಿತು. ಒಂದು ಕೆಲಸವಾದರೂ ನೆಟ್ಟಗಾಯಿತು ಎಂದು ದೀಪ ಆರಿಸಿದಳು.

ಹಬ್ಬದ ಬೆಳಗ್ಗೆ ಪೂಜೆ ಮುಗಿಸಿ ಬಂದು ಫಿಂಟನ್ ಶಾಲೆಗೆ ಹೊರಟ. ಅವನ ಕೋಟಿಗೆ ಸೊಪ್ಪು ಚುಚ್ಚುವಾಗ ಪಿನ್ನು ಅವನಿಗೆ ತಾಗಿತು.

"ಇವಳ! ಸಂತನ್ನ ಹುತಾತ್ಮನ ಮಾಡ್ತಿದೀಯಲ್ಲೇ."

"ಮೆರವಣಿಗೆ ಮುಗಿದ ತಕ್ಷಣ ಬಂದ್ಬಿಡು. ಊಟ ಬಿಸಿಯಾಗಿರತ್ತೆ."

"ಹೂಂ."

"ಯಾರಾದ್ರೂ ಕರೆದ್ರೆ..."

"ಡಿಂಪ್ನಾ, ಬರ್ತೀನಿ ಅಂದ್ನಲ್ಲ" ಎಂದು ಅವನು ಹೋದ.

ಅವಳು ಮೆರವಣಿಗೆಗೆ ಹೋಗಲಿಲ್ಲ. ಹೋದರೆ ಹತ್ತು ಜನ ಮಾತಾಡಿಸುತ್ತಾರೆ, ಹತ್ತು ಸುಳ್ಳು ಹೇಳಬೇಕು. ಶೀತ ಅಂತ ನೆಪ ಹೇಳಿ ಮನೆಯಲ್ಲೇ ಉಳಿದು, ಮಾಂಸ ಬೇಯಿಸಿ, ಎಲೆಕೋಸು ಹೆಚ್ಚಿಟ್ಟು, ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಉತ್ತರ ಬಂದಿದೆಯಾ ನೋಡೋಣ ಎಂದು ಕಂಪ್ಯೂಟರಿನ ಮುಂದೆ ಕೂತಳು. ಇಪ್ಪತ್ತೊಂದು ಉತ್ತರ ಬಂದಿದ್ದವು. ಇಷ್ಟೊಂದು ಯಾವ ವರ್ಷವೂ ಬಂದದ್ದಿಲ್ಲ.

ಮೊದಲನೆಯದು ಷಿಕಾಗೋದಿಂದ, ಫಿಂಟನ್‌ನ ಅಕ್ಕ ಅಸಂಪ್ಟಾಳದು. ‘ಅಯ್ಯೋ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ಅಂತೂ ನನ್ನ ತಮ್ಮ ಮತ್ತೆ ಮನುಷ್ಯನಾದ. ಮುನಿಯ ಥರ ಕೂತುಬಿಟ್ಟಿದಾನೆ ಅಂತ ಯೋಚನೆಯಾಗಿತ್ತು ನಂಗೆ.’

ಡಿಂಪ್ನಾಗೆ ಇದರ ತಲೆಬುಡ ತಿಳಿಯಲಿಲ್ಲ. ಎರಡನೆಯದು ಜಾರ್ಲತ್ ಗೆರಟಿಯದು. ಟ್ರ್ಯಾಕ್ಟರ್ ರಿಪೇರಿಯ ಜಾರ್ಲತ್ ಫಿಂಟನ್‌ನ ಬಾಲ್ಯದ ಗೆಳೆಯ. ಕೆಟ್ಟವನೇನಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವನಾಗಿದ್ದರೆ ಬೈದು ದೂರ ಇಡಬಹುದಿತ್ತು. ‘ಅಪ್ಪಣೆಯಾಯಿತು ಸಂತರೇ! ಮೆರವಣಿಗೆ ಮುಗಿದ ಮೇಲೆ ಹೆನೆಗನ್ ಪಬ್ಬಿಗೆ ಸವಾರಿ ಬರಲಿ. ನಿನ್ನ ಗ್ಲಾಸು ನಾನೇ ತುಂಬಿಸಿ ಇಟ್ಟಿರ್ತೀನಿ. ಡಿಂಪ್ನಾ ಕೊನೆಗೂ ರಜ ಕೊಟ್ಟಳಲ್ಲ, ಅವಳ ಹೊಟ್ಟೆ ತಣ್ಣಗಿರಲಿ.’

ಅವಳು ತಾನು ಕಳಿಸಿದ ಕಾರ್ಡನ್ನು ಮತ್ತೆ ಒತ್ತಿದಳು. ಗುಡ್ಡ ಬಂತು. ಸಂತ ಬಂದ. ಹಾವುಗಳು ಪೆಟ್ಟಿಗೆ ಹೊತ್ತುಕೊಂಡು ಬಂದವು, ನಿಂತವು, ಮತ್ತೆ ಹೊರಟವು. ‘ಬೇಗ ಹೋಗ್ರೋ’ ಎಂದು ಅವಳು ಗಟ್ಟಿಯಾಗಿ ಬೈದಳು. ಕೊನೆಯ ಹಾವು ನೀರಿಗೆ ಬಿತ್ತು. ಕುರಿಗಳು ನಮಸ್ಕಾರ ಮಾಡಿದವು. ಪಿಟೀಲು ನಿಂತಿತು. ಈ ಸಲ ತಂತಿ ಕಡಿಯಲಿಲ್ಲ.

ಸಂತ ಹಣೆಯ ಬೆವರು ಒರೆಸಿಕೊಂಡು ಇತ್ತ ತಿರುಗಿ ನಕ್ಕ. ಗುಡ್ಡ ಇಳಿದು ಒಂದು ಪಬ್ಬಿನ ಬಾಗಿಲು ತಳ್ಳಿದ. ಕಟ್ಟೆಯ ಮೇಲೆ ಗ್ಲಾಸು ತುಂಬಿತು. ಸಂತ ಅದನ್ನು ಒಂದೇ ಗುಟುಕಿಗೆ ಎತ್ತಿ, ಗಡ್ಡದ ನೊರೆ ಒರೆಸಿದ. ಬಂಗಾರದ ಅಕ್ಷರಗಳು ಒಂದೊಂದಾಗಿ ಉದುರಿದವು. ‘ವ್ರತ ನಾಳೆಯಿಂದ ಮತ್ತೆ. ಇವತ್ತು ನಮ್ಮ ಜೊತೆ ಒಂದು ಹಾಕಿ!’ ಅದರ ಕೆಳಗೆ, ‘ಇಂತಿ, ಫಿಂಟನ್ ಮತ್ತು ಡಿಂಪ್ನಾ.’

ಹನ್ನೊಂದು ತಿಂಗಳು ಬೇಲಿಯಾಗಿ ಕಾದವಳು ತಾನೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಸಂತನ ವೇಷ ಹಾಕುವವನು ಫಿಂಟನ್ ಎಂದು ಊರಿಗೆಲ್ಲ ಗೊತ್ತು. ಇದು ಅವನೇ ಮಾಡಿದ ತಮಾಷೆ, ಅವನೇ ಕೊಟ್ಟ ಆಹ್ವಾನ ಎಂದು ಕುರುಡನಿಗೂ ಅನ್ನಿಸುತ್ತದೆ. ಉಳಿದ ಉತ್ತರಗಳನ್ನು ಅವಳು ಓದಲಿಲ್ಲ. ಫಿಂಟನ್‌ನ ಮೊಬೈಲಿಗೆ ಮೂರು ಸಲ ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಾಂಸದ ಕೆಳಗೆ ಉರಿ ಆರಿಸಿದಳೋ ಇಲ್ಲವೋ ನೆನಪಿಲ್ಲದೆ, ಏಪ್ರನ್ನಿನಲ್ಲೇ ರಸ್ತೆಗೆ ಬಿದ್ದಳು.

ಊರಿಗೆ ಒಂದೂವರೆ ಮೈಲಿ. ಹೋದ ವರ್ಷ ಫಿಂಟನ್ ಕಾರನ್ನು ಹಳ್ಳಕ್ಕೆ ಇಳಿಸಿದ ಮೇಲೆ ಮನೆಯಲ್ಲಿ ಕಾರಿರಲಿಲ್ಲ. ಐವತ್ತಾರು ವರ್ಷದ ಹೆಂಗಸು, ಎದುರಿಗೆ ಆಲಿಕಲ್ಲಿನ ಗಾಳಿ. ಓಡಿದಳು, ನಿಂತಳು, ಮತ್ತೆ ಓಡಿದಳು. ಡಾಕ್ಟರಮ್ಮ ಹೇಳಿದ ‘ಒಂದೇ ಒಂದು ಗ್ಲಾಸು’ ಅವಳ ಹೆಜ್ಜೆಯ ಜೊತೆಗೇ ಓಡಿ ಬಂತು. ದೂರದಲ್ಲಿ ಬ್ಯಾಂಡಿನ ಸದ್ದು ಕೇಳುತ್ತಿದ್ದ ತನಕ ಧೈರ್ಯ ಇತ್ತು. ಬ್ಯಾಂಡು ನುಡಿಯುವಷ್ಟು ಹೊತ್ತು ಅವನು ಲಾರಿಯ ಮೇಲಿರುತ್ತಾನೆ. ಪೆಟ್ರೋಲ್ ಬಂಕಿನ ಹತ್ತಿರ ಬರುವಾಗ ಬ್ಯಾಂಡು ನಿಂತಿತು.

ಊರ ದೊಡ್ಡ ಬೀದಿಯ ಬಾಯಲ್ಲಿ ಹಗ್ಗ ಕಟ್ಟಿ ಪೊಲೀಸಿನವನು ನಿಂತಿದ್ದ. ಹಗ್ಗದಾಚೆ ಊರಿಗೆ ಊರೇ ಹಸಿರು ಟೋಪಿ ಹಾಕಿಕೊಂಡು ನಿಂತಿತ್ತು. ಅವಳು ಹಗ್ಗದಡಿ ನುಸುಳಿದಳು.

"ಏನ್ ಡಿಂಪ್ನಾ, ಶೀತ ಅಂದ್ರು? ಏಪ್ರನ್ನಲ್ಲೇ ಮೆರವಣಿಗೆನಾ?"

"ಕಾರ್ಡು ಭರ್ಜರಿ ಕಣಮ್ಮ!" ಎಂದು ಅಂಚೆ ಕಚೇರಿಯ ನೋನಿ ಅವಳ ಭುಜ ಹಿಡಿದು ನಿಲ್ಲಿಸಿದಳು. "ನಮ್ಮ ಯಜಮಾನ್ರು ಮೂರು ಸಲ ಹಾಕಿಸ್ಕೊಂಡು ನೋಡಿದ್ರು. ನೀನು ಇಂಥಾ ತಮಾಷೆಯವಳು ಅಂತ ನಂಗೊತ್ತೇ ಇರ್ಲಿಲ್ಲ. ಯಾವಾಗ್ಲೂ ಹುಣಸೆಹಣ್ಣು ಕಚ್ಚಿದ ಮುಖ ಇರತ್ತಲ್ಲ!"

"ಬಿಡು ನೋನಿ, ದಮ್ಮಯ್ಯ ಬಿಡು."

ಬಿಡಿಸಿಕೊಂಡು ಜನರ ಮಧ್ಯೆ ಮೊಣಕೈ ತೂರಿಸಿ ನಡೆದಳು. ಒಬ್ಬೊಬ್ಬರ ನಗೆಯೂ ಅವಳಿಗೆ ಒಂದೊಂದು ಗ್ಲಾಸು ತುಂಬಿದ ಹಾಗೆ ಕೇಳುತ್ತಿತ್ತು. ಶಾಲೆಯ ಲಾರಿ ಚರ್ಚಿನ ಎದುರು ನಿಂತಿತ್ತು. ಹಾವಿನ ವೇಷದ ಮಕ್ಕಳು ಅದರ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದರು. ಸಂತನ ಕುರ್ಚಿ ಖಾಲಿಯಾಗಿತ್ತು.

"ಫಿಂಟನ್ ಎಲ್ಲಿ?" ಎಂದು ಮಕ್ಕಳನ್ನು ಇಳಿಸುತ್ತಿದ್ದ ಟೀಚರನ್ನು ಕೇಳಿದಳು.

"ಇನ್ನೆಲ್ಲಿ, ಹೆನೆಗನ್‌ಗೆ! ಹೊತ್ಕೊಂಡೇ ಹೋದ್ರು ಕಣ್ರೀ. ಪಾಪ, ಅವರ ಕಾಲು ನೆಲ ಮುಟ್ಟಲಿಲ್ಲ. ಆಗ್ಲೇ ಕಾಲು ಗಂಟೆ ಆಯ್ತೇನೋ."

ಕಾಲು ಗಂಟೆ. ಫಿಂಟನ್‌ಗೆ ಮೂರು ಗ್ಲಾಸು ಮುಗಿಸಲು ಕಾಲು ಗಂಟೆ ಧಾರಾಳವಾಗಿ ಸಾಕು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಪಬ್ಬಿನ ಬಾಗಿಲಿಗೆ ಬಂದು ಕಿವಿಗೊಟ್ಟಳು. ಒಳಗಿನಿಂದ ಗಲಾಟೆ ಕೇಳಬೇಕಿತ್ತು. ಹಬ್ಬದ ದಿನ ಎರಡು ಗಂಟೆಯ ಮೇಲೆ ಹೆನೆಗನ್ ಪಬ್ಬಿನಲ್ಲಿ ಪಕ್ಕದವನ ಮಾತು ಪಕ್ಕದವನಿಗೆ ಕೇಳಿಸುವುದಿಲ್ಲ. ಆದರೆ ಒಳಗೆ ಸದ್ದೇ ಇರಲಿಲ್ಲ. ಯಾರೋ ಬಿದ್ದಿರಬೇಕು, ಎಲ್ಲರೂ ಸುತ್ತ ನಿಂತು ನೋಡುತ್ತಿರಬೇಕು ಎಂದು ಅವಳ ಕಣ್ಣಿಗೆ ಬಚ್ಚಲಮನೆಯ ರಕ್ತ ಕಟ್ಟಿತು. ಬಾಗಿಲು ತಳ್ಳಿದಳು.

ಮೂಲೆಯ ಮೇಜಿನ ಮೇಲೆ ಸಂತನ ಎತ್ತರದ ಟೋಪಿ ಇತ್ತು. ಅದರ ಹಿಂದೆ ಫಿಂಟನ್, ಹತ್ತಿಯ ಗಡ್ಡ ಕುತ್ತಿಗೆಗೆ ಜಾರಿತ್ತು. ಸುತ್ತ ಇಪ್ಪತ್ತು ಜನ ಗಂಡಸರು. ಅವನ ಮುಂದೆ ಆರು ಗ್ಲಾಸು, ಐದು ಅಂಚಿನ ತನಕ ತುಂಬಿದ್ದವು. ಆರನೆಯದರಲ್ಲಿ ಎರಡು ಬೆರಳಷ್ಟು ಇಳಿದಿತ್ತು. ಅವಳ ಕಣ್ಣಿಗೆ ಆ ಎರಡು ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ.

"ಕುಡೀಬೇಡ!" ಎಂದು ಕಿರುಚಿದಳು. "ಅವನಿಗೆ ಕೊಡಬೇಡ್ರೋ! ಅವನು ಕುಡಿದ್ರೆ ಸಾಯ್ತಾನೆ. ಲೆಂಟೂ ಅಲ್ಲ, ಮಾತ್ರೆನೂ ಅಲ್ಲ, ಬೆನ್ನುನೋವೂ ಇಲ್ಲ. ಅವನು ಕುಡುಕ. ನನ್ನ ಗಂಡ ಕುಡುಕ! ಹನ್ನೊಂದು ತಿಂಗಳಿಂದ ನಿಮಗೆಲ್ಲ ಸುಳ್ಳು ಹೇಳಿದೀನಿ, ಆ ಕಾರ್ಡೂ ನಾನೇ ಕಳಿಸಿದ್ದು, ಅವನದೇನೂ ತಪ್ಪಿಲ್ಲ."

ಜಾರ್ಲತ್ ಮುಂದೆ ಬಂದು ಆ ಆರನೇ ಗ್ಲಾಸನ್ನು ಎತ್ತಿ ಕಟ್ಟೆಯ ಮೇಲೆ ದೂರ ಇಟ್ಟ. ಅವನ ಕಣ್ಣು ಕೆಂಪಾಗಿತ್ತು.

"ಇದು ನನ್ನ ಗ್ಲಾಸು, ಡಿಂಪ್ನಾ. ಅವನು ಕುಡ್ದಿಲ್ಲ. ನೀನು ಈಗ ಹೇಳಿದ್ದನ್ನೆಲ್ಲ ಅವನು ಐದು ನಿಮಿಷದ ಹಿಂದೆ ಹೇಳಿ ಮುಗಿಸ್ದ. ರಕ್ತ ಕಾರಿದ್ದು, ಮಂಗಳವಾರ ಎಲ್ಲಿಗೆ ಹೋಗ್ತಾನೆ ಅನ್ನೋದು, ಎಲ್ಲ." ಅವನ ದನಿ ಏರಿತು. "ಅಲ್ಲ ಮಾರಾಯ್ತಿ, ನಂಗೊಂದು ಮಾತು ಹೇಳಕ್ಕೇನಾಗಿತ್ತು? ಗೊತ್ತಿದ್ದಿದ್ರೆ ನಾನು ಅವನ ಮುಂದೆ ಗ್ಲಾಸು ತಂದಿಡ್ತಿದ್ನಾ? ನಾನೇನು ಕಟುಕನಾ?"

ಯಾರೋ ಅವಳಿಗೆ ಕುರ್ಚಿ ಎಳೆದರು. ಆದರೆ ಫಿಂಟನ್ ಎದ್ದು, "ಹೊರಗೆ ಬಾ" ಎಂದು ಹಿತ್ತಲ ಬಾಗಿಲ ಕಡೆ ನಡೆದ.

ಹಿತ್ತಲಲ್ಲಿ ಖಾಲಿ ಪೀಪಾಯಿಗಳು ಸಾಲಾಗಿದ್ದವು. ಸಂತನ ನಿಲುವಂಗಿಯನ್ನು ಮೊಣಕಾಲ ತನಕ ಎತ್ತಿಕೊಂಡು ಅವನು ಒಂದರ ಮೇಲೆ ಕೂತ.

"ಆ ಕಾರ್ಡು ನಂಗೂ ಬಂತು," ಎಂದ. "ಶಾಲೆಯ ಕಂಪ್ಯೂಟರಿಗೆ. ಬೆಳಗ್ಗೆ ಹತ್ತಕ್ಕೆ ನೋಡ್ದೆ."

ಎಲ್ಲರಿಗೂ ಎಂದು ತಾನು ಹಾಕಿದ ಗುರುತಿನಲ್ಲಿ ಅವನ ಶಾಲೆಯ ವಿಳಾಸವೂ ಇತ್ತು ಎಂದು ಅವಳಿಗೆ ಆಗ ಹೊಳೆಯಿತು.

"ಅಲ್ಲಿ ಲೈನು ಜೋರಾಗಿದೆ. ಪೂರ್ತಿ ಬಂತು. ಮೂರು ಸಲ ನೋಡ್ದೆ. ಮೊದಲ್ನೇ ಸಲ, ಇವಳು ಒಂದು ದಿನ ರಜ ಕೊಟ್ಟಿದಾಳೆ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ಡಾಕ್ಟ್ರು ಹೇಳಿದ್ದು ಅವಳಿಗೂ ಗೊತ್ತಲ್ಲ. ಗೊತ್ತಿದ್ದೂ ಕಳಿಸಿದಾಳೆ ಅಂದ್ರೆ, ಸಾಕಾಗಿದೆ ಅವಳಿಗೆ. ಮುಗಿದು ಹೋಗ್ಲಿ ಅಂತಿದಾಳೆ."

"ನೀನು ಸಾಯ್ಲಿ ಅಂತ? ನಾನು?"

"ಹೂಂ."

"ಅಂಥಾ ಯೋಚನೆ ಆದ್ರೂ ಹೆಂಗೆ ಬಂತೋ ನಿಂಗೆ?"

"ಇನ್ನೇನು ಯೋಚನೆ ಬರತ್ತೆ? ನನ್ನ ಬಗ್ಗೆ ಒಂದೇ ಒಂದು ನಿಜ ನೀನು ಯಾರ ಹತ್ರಾನೂ ಹೇಳಿಲ್ಲ. ನನ್ನಕ್ಕನ ಹತ್ರಾನೂ ಹೇಳಿಲ್ಲ. ದ್ರಾಕ್ಷಿ ರಸ ಕುಡಿದ್ರೂ ಮೂಸಿ ನೋಡ್ತೀಯ. ಇಷ್ಟು ನಾಚಿಕೆ ಹೊತ್ಕೊಂಡು ಎಷ್ಟು ದಿನ ಇರ್ತಾಳೆ, ಒಂದು ದಿನ ಇಳಿಸ್ತಾಳೆ ಅಂತ ನಂಗೆ ಹೆದರಿಕೆ ಇತ್ತು. ಅದು ಇವತ್ತೇ ಅಂದ್ಕೊಂಡೆ."

"ನಾನು ಅರ್ಧಾನೇ ನೋಡಿದ್ದು ಕಣೋ," ಎಂದು ಅವಳು ಅತ್ತಳು. "ಲೈನ್ ಕಟ್ಟಾಯ್ತು. ಕುರಿಗಳು ನಮಸ್ಕಾರ ಮಾಡಿದ್ವು, ಮುಗೀತು ಅಂದ್ಕೊಂಡೆ. ಗ್ಲಾಸಿಲ್ಲ ಅಂತಾನೇ ಅದನ್ನ ಆರಿಸಿದ್ದು."

ಫಿಂಟನ್ ಅವಳನ್ನೇ ನೋಡಿದ. "ಕುರಿ ನಮಸ್ಕಾರ ಮಾಡ್ತು ಅಂತ?" ಎಂದು ಕೇಳಿದ. ಅವನ ಗಂಟಲಿಂದ ಒಂದು ಸದ್ದು ಬಂತು. ನಗು ಅಂದರೆ ನಗು, ಅಳು ಅಂದರೆ ಅಳು.

"ಮತ್ತೆ ಯಾಕೆ ಕುಡೀಲಿಲ್ಲ?" ಎಂದಳು. ಕೇಳಲು ಅವಳಿಗೆ ಭಯವಾಗಿತ್ತು. ನಿನ್ನ ನೆನಪಾಯಿತು, ನಿನಗೋಸ್ಕರ ಬಿಟ್ಟೆ ಅನ್ನಲಿ ಎಂದು ಒಳಗೊಳಗೇ ಆಸೆಯೂ ಇತ್ತು.

"ಕುಡಿಯೋಕೇ ಕೂತಿದ್ದೆ. ಗ್ಲಾಸು ಎತ್ತಿದ್ದೆ. ತುಟಿಗೆ ನೊರೆ ತಾಗಿತ್ತು. ಆಗ ಜಾರ್ಲತ್ ಅಂದ, ಹಾಕು ಹಾಕು, ಹೆಂಡ್ತಿ ಅಪ್ಪಣೆ ಕೊಟ್ಟಾಯ್ತಲ್ಲ ಅಂತ. ನಂಗೆ ಎಲ್ಲಿತ್ತೋ ಸಿಟ್ಟು ಬಂತು ನೋಡು. ಅಪ್ಪಣೆ ಕೊಡೋಕೆ ಅವಳ್ಯಾರು? ಬದುಕೋದು ನಾನು, ಸಾಯೋದು ನಾನು. ಆ ಸಿಟ್ಟಲ್ಲೇ ಗ್ಲಾಸು ಕೆಳಗಿಟ್ಟು ಎಲ್ಲ ಹೇಳ್ಬಿಟ್ಟೆ."

ಅವನು ಕುಡಿಯಲಿಲ್ಲವೆಂಬ ಸಂತೋಷಕ್ಕೆ ಅವಳ ಮೈ ಹಗುರಾಗಿತ್ತು. ಆ ಮಾತು ಮಾತ್ರ ಕೆನ್ನೆಗೆ ಹೊಡೆದ ಹಾಗೆ ಬಿದ್ದಿತ್ತು. ಹನ್ನೊಂದು ತಿಂಗಳು ಅವಳು ಕಾದದ್ದು ಅವನನ್ನು ಉಳಿಸಿರಲಿಲ್ಲ. ಉಳಿಸಿದ್ದು ಅವಳ ಮೇಲಿನ ಸಿಟ್ಟು.

ಅವನು ಎದ್ದು ನಿಲುವಂಗಿ ಬಿಚ್ಚಿ, ಗಡ್ಡದ ಜೊತೆ ಮಡಿಸಿ ಅವಳ ಕೈಗೆ ಕೊಟ್ಟ. ಕೆಳಗೆ ಅವನ ಎಂದಿನ ಕೋಟು ಇತ್ತು.

"ಇವತ್ತು ಐದಕ್ಕೆ ಪೇಟೆಯಲ್ಲಿ ಸಭೆ ಇದೆ. ಹಬ್ಬದ ದಿನ ನಮ್ಮಂಥವರಿಗೆ ಕಷ್ಟ ಅಂತ ಇಟ್ಟಿದಾರೆ. ಮೂರೂವರೆ ಬಸ್ಸಿಗೆ ಹೋಗ್ತೀನಿ."

"ನಾನೂ ಬರ್ತೀನಿ."

"ಬೇಡ."

"ಬಸ್‌ಸ್ಟಾಪಿನ ತನಕ ಆದ್ರೂ..."

"ಬೇಡ ಡಿಂಪ್ನಾ. ನೀನು ಜೊತೆಗಿದ್ರೆ ನಾನು ನಿನಗೋಸ್ಕರ ನಡೀತೀನಿ. ನಿನಗೋಸ್ಕರ ಬಿಟ್ಟಿದ್ದು ಎಷ್ಟು ಗಟ್ಟಿ ಅಂತ ಇವತ್ತು ನೋಡಿದ್ನಲ್ಲ. ನಿನ್ನದೊಂದು ಕಾರ್ಡಿಗೆ ಬಿದ್ದುಹೋಗ್ತಿತ್ತು."

"ನಂಗೆ ಹೆದರಿಕೆ ಆಗ್ತಿದೆ ಕಣೋ."

"ನಂಗೂ ಆಗ್ತಿದೆ," ಎಂದ ಅವನು. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಅವಳು ಕೇಳಿರಲಿಲ್ಲ. ಅವಳ ಭುಜವನ್ನು ಒಂದು ಸಲ ಒತ್ತಿ ಹಿಡಿದು, ಪಬ್ಬಿನ ಪಕ್ಕದ ಓಣಿಯಿಂದ ಬೀದಿಗೆ ಹೊರಟ.

ಅವಳು ಓಣಿಯ ತುದಿಗೆ ಬಂದು ನಿಂತಳು. ಬಸ್‌ಸ್ಟಾಪು ಬೀದಿಯ ಆ ಕೊನೆಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಆರು ಪಬ್ಬು, ಆರಕ್ಕೂ ಇವತ್ತು ಬಾಗಿಲು ತೆರೆದಿತ್ತು, ಜನ ಗ್ಲಾಸು ಹಿಡಿದು ಕಾಲುದಾರಿಯ ತನಕ ಬಂದು ನಿಂತಿದ್ದರು. ಮೊದಲನೆಯದರ ಮುಂದೆ ಅವನು ತಲೆ ಬಗ್ಗಿಸಿ ದಾಟಿದ. ಎರಡನೆಯದರಿಂದ ಒಬ್ಬ ದಪ್ಪನೆಯವನು ನಗುತ್ತಾ ಬಂದು ಅವನ ತೋಳು ಹಿಡಿದ, ಇನ್ನೊಂದು ಕೈಯ ಗ್ಲಾಸನ್ನು ಅವನ ಮುಖದ ಹತ್ತಿರ ತಂದ. ಫಿಂಟನ್ ಏನೋ ಹೇಳಿದ. ದಪ್ಪನೆಯವನ ಮುಖದ ನಗು ಆರಿತು, ತೋಳು ಬಿಟ್ಟ.

ಅಷ್ಟರಲ್ಲಿ ಜಾರ್ಲತ್ ಅವಳ ಪಕ್ಕ ಬಂದು ನಿಂತಿದ್ದ.

"ನಾನು ಹಿಂದೆ ಹೋಗ್ಲಾ?" ಎಂದು ಮೆಲ್ಲಗೆ ಕೇಳಿದ. "ಅವನಿಗೆ ಗೊತ್ತಾಗದ ಹಾಗೆ ಹೋಗ್ತೀನಿ."

ಹೋಗು, ಓಡು ಎಂದು ಅವಳ ಜೀವವೆಲ್ಲ ಕೂಗಿತು.

"ಬೇಡ," ಎಂದಳು.

ಅಲ್ಲಿ ನಿಂತು ನೋಡುವುದೂ ಕಾವಲು ಕಾದ ಹಾಗೆಯೇ ಎಂದು ಅವಳಿಗೆ ಗೊತ್ತಾಯಿತು. ಸಂತನ ನಿಲುವಂಗಿಯನ್ನು ಎದೆಗೆ ಒತ್ತಿಕೊಂಡು ಬೀದಿಗೆ ಬೆನ್ನು ತಿರುಗಿಸಿ ಮನೆಯ ಕಡೆ ಹೊರಟಳು. ತಿರುಗಿ ನೋಡಲಿಲ್ಲ. ಅವನು ದಾಟಬೇಕಾದ ಬಾಗಿಲು ಇನ್ನೂ ನಾಲ್ಕು ಇದ್ದವು.